ವಿದೇಶದಿಂದ ತರಿಸಿದ ಪಾರ್ಸೆಲ್ ಮತ್ತು ಕಸ್ಟಮ್ಸ್ ಸುಂಕ: ಆರ್ಡರ್ ಮಾಡುವ ಮುಂಚಿನಿಂದ ಮೇಲ್ಮನವಿಯವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಹತ್ತು ಸಾವಿರ ರೂಪಾಯಿ ಕೊಟ್ಟು ವಿದೇಶದಿಂದ ತರಿಸಿದ ವಸ್ತುವಿಗೆ ಬಾಗಿಲಲ್ಲಿ ನಿಂತ ಕೊರಿಯರ್ ಸಿಬ್ಬಂದಿ ಇನ್ನೂ ಐದು ಸಾವಿರ ಕೇಳಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಆದರೆ ಆ ಐದು ಸಾವಿರದಲ್ಲಿ ಸರ್ಕಾರಕ್ಕೆ ಸಲ್ಲುವುದೆಷ್ಟು, ಕೊರಿಯರ್ ಕಂಪನಿ ತನ್ನ ಶುಲ್ಕವೆಂದು ಇಟ್ಟುಕೊಳ್ಳುವುದೆಷ್ಟು, ವಸ್ತುವನ್ನು ತಪ್ಪು ವರ್ಗಕ್ಕೆ ಸೇರಿಸಿದ್ದರಿಂದ ಏರಿದ್ದೆಷ್ಟು ಎಂದು ಕೇಳುವವರು ತೀರಾ ಕಡಿಮೆ. ಪಾರ್ಸೆಲ್ ಕೈಗೆ ಬಂದರೆ ಸಾಕೆಂದು ಹಣ ಕೊಟ್ಟು ಕಳಿಸಿ, ಆಮೇಲೆ ವಾರಗಟ್ಟಲೆ ದೂರುವುದೇ ಹೆಚ್ಚು. ನನ್ನ ತಿಳಿವಳಿಕೆಯಲ್ಲಿ ಈ ವಿಷಯದ ಮುಖ್ಯ ಸೂತ್ರ ಒಂದೇ: ಹಣ ಕಟ್ಟುವ ಮುಂಚೆ ಒಂದು ಇಮೇಲ್‌ನಲ್ಲಿ ಸರಿಹೋಗುವ ತಪ್ಪನ್ನು ಹಣ ಕಟ್ಟಿದ ಮೇಲೆ ಸರಿಪಡಿಸಲು ತಿಂಗಳುಗಳೇ ಬೇಕಾಗುತ್ತವೆ. ಆದ್ದರಿಂದ ಈ ಬರಹದ ಬಹುಪಾಲು ಹಣ ಕಟ್ಟುವುದಕ್ಕೆ ಮುಂಚಿನ ಕೆಲಸಗಳನ್ನೇ ಕುರಿತದ್ದು. ಇಲ್ಲಿ ಹೇಳಿರುವುದೆಲ್ಲ ಸ್ವಂತ ಬಳಕೆಗೆ ತರಿಸುವ ವಸ್ತುಗಳಿಗೆ ಅನ್ವಯಿಸುತ್ತದೆ. ಮಾರಾಟಕ್ಕೆ ತರಿಸುವವರಿಗೆ ಆಮದು–ರಫ್ತು ಕೋಡ್, ಜಿಎಸ್‌ಟಿ ನೋಂದಣಿ ಮೊದಲಾದ ಬೇರೆಯದೇ ನಿಯಮಗಳಿವೆ.

ಉಡುಗೊರೆ ಎಂದು ಬರೆದರೆ ಸುಂಕ ತಪ್ಪುವುದಿಲ್ಲ

ಇದನ್ನು ಮೊದಲೇ ಹೇಳಬೇಕು, ಏಕೆಂದರೆ ಅತಿ ಹೆಚ್ಚು ನಿರಾಸೆ ಹುಟ್ಟುವುದು ಇಲ್ಲಿಂದಲೇ. ಒಂದು ಕಾಲದಲ್ಲಿ ವಿದೇಶದಿಂದ ಬರುವ ₹5,000ವರೆಗಿನ ಉಡುಗೊರೆಗಳಿಗೆ ಭಾರತದಲ್ಲಿ ಸುಂಕವಿರಲಿಲ್ಲ. ಚೀನಾದ ಕೆಲವು ಆನ್‌ಲೈನ್ ಮಾರಾಟಗಾರರು ಮಾರಿದ ಸರಕನ್ನೆಲ್ಲ ಉಡುಗೊರೆಯ ಹೆಸರಿನಲ್ಲಿ ಕಳಿಸುತ್ತಿದ್ದಾರೆಂಬ ದೂರುಗಳು ಹೆಚ್ಚಾದ ಮೇಲೆ, ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು 2019ರ ಡಿಸೆಂಬರ್‌ನಲ್ಲಿ ಆ ಬಾಗಿಲನ್ನು ಮುಚ್ಚಿತು. ಈಗ ಅಂಚೆಯಲ್ಲಾಗಲಿ ಕೊರಿಯರ್‌ನಲ್ಲಾಗಲಿ ಉಡುಗೊರೆಯೆಂಬ ವಿನಾಯಿತಿ ಉಳಿದಿರುವುದು ಜೀವರಕ್ಷಕ ಔಷಧಿಗಳಿಗೆ ಮತ್ತು ರಾಖಿಗೆ ಮಾತ್ರ. ಉಳಿದ ಉಡುಗೊರೆಗಳನ್ನು ತರಿಸಿಕೊಳ್ಳಬಹುದು, ಆದರೆ ಪೂರ್ತಿ ಸುಂಕ ಕಟ್ಟಬೇಕು.

ಅಮೆರಿಕದಲ್ಲಿರುವ ಮಗಳು ಮೈಸೂರಿನಲ್ಲಿರುವ ತಾಯಿಗೆ ಒಂದು ಸ್ಮಾರ್ಟ್ ವಾಚ್ ಕಳಿಸುತ್ತಾಳೆ ಎಂದಿಟ್ಟುಕೊಳ್ಳಿ. ಅಮೆರಿಕದೊಳಕ್ಕೆ ಬರುವ ನೂರು ಡಾಲರ್‌ವರೆಗಿನ ಉಡುಗೊರೆಗೆ ಅಲ್ಲಿನ ಕಾನೂನಿನಲ್ಲಿ ವಿನಾಯಿತಿ ಇರುವುದರಿಂದ, ಅದೇ ನಿಯಮ ಇಲ್ಲಿಯೂ ಇರಬಹುದೆಂದು ಅವಳು ಡಬ್ಬಿಯ ಮೇಲೆ ಉಡುಗೊರೆ ಎಂದು ಬರೆದು, ಬೆಲೆಯನ್ನು ಇಳಿಸಿ ನಮೂದಿಸುತ್ತಾಳೆ. ಇಲ್ಲಿ ಎಣಿಕೆಗೆ ಬರುವುದು ಪಾರ್ಸೆಲ್ ತಲುಪುವ ದೇಶದ ನಿಯಮ. ಸುಳ್ಳು ಬೆಲೆ ನಮೂದಿಸಿದ ಸರಕನ್ನು ಜಪ್ತಿ ಮಾಡುವ ಮತ್ತು ದಂಡ ವಿಧಿಸುವ ಅಧಿಕಾರವನ್ನು 1962ರ ಕಸ್ಟಮ್ಸ್ ಕಾಯ್ದೆ ಅಧಿಕಾರಿಗೆ ಕೊಟ್ಟಿದೆ, ಮತ್ತು ಅದರ ಬಿಸಿ ತಟ್ಟುವುದು ನ್ಯೂಜೆರ್ಸಿಯ ಮಗಳಿಗಲ್ಲ, ಮೈಸೂರಿನ ತಾಯಿಗೆ. ಮಾರಾಟಗಾರರು ತಾವಾಗಿಯೇ ಬೆಲೆ ಇಳಿಸಿ ಬರೆಯುತ್ತೇವೆ ಎಂದರೂ ಬೇಡವೆನ್ನಿ; ಪಾರ್ಸೆಲ್ ಕಳೆದುಹೋದರೆ ವಿಮೆ ಸಿಗುವುದೂ ಆ ಇಳಿಸಿದ ಬೆಲೆಗಷ್ಟೇ.

ಒಂದೇ ಆರ್ಡರನ್ನು ಮೂರ್ನಾಲ್ಕು ಸಣ್ಣ ಪಾರ್ಸೆಲ್‌ಗಳಾಗಿ ಒಡೆಯುವ ಉಪಾಯವೂ ಇಲ್ಲಿ ನಡೆಯುವುದಿಲ್ಲ. ಇಷ್ಟು ಬೆಲೆಯವರೆಗೆ ಸುಂಕವೇ ಇಲ್ಲ ಎಂಬ ಮಿತಿ ಖರೀದಿಸಿದ ವಸ್ತುಗಳಿಗೆ ಭಾರತದಲ್ಲಿಲ್ಲ. ಒಟ್ಟು ಸುಂಕ ₹100 ಅಥವಾ ಅದಕ್ಕಿಂತ ಕಡಿಮೆಯಾದರೆ ವಸೂಲಿ ಮಾಡುವಂತಿಲ್ಲ ಎಂಬ ಒಂದು ಸಣ್ಣ ರಿಯಾಯಿತಿ ಕಾಯ್ದೆಯ 25(6)ನೇ ಕಲಮಿನಲ್ಲಿದೆ, ಅಷ್ಟೆ. ಒಡೆದು ತರಿಸಿದರೆ ಪ್ರತಿ ಪಾರ್ಸೆಲ್‌ಗೂ ಕೊರಿಯರ್ ಶುಲ್ಕ ಬೇರೆ ಬೀಳುತ್ತದೆ.

ಹಂತ 1: ಆ ವಸ್ತು ದೇಶದೊಳಕ್ಕೆ ಬರಬಹುದೇ?

ಸುಂಕದ ಲೆಕ್ಕಕ್ಕಿಂತ ಮುಂಚೆ ಇದನ್ನು ವಿಚಾರಿಸಬೇಕು. ವಿದೇಶಿ ಜಾಲತಾಣವು ಭಾರತಕ್ಕೆ ಕಳಿಸುತ್ತೇವೆ ಎಂದು ಹೇಳಿದ ಮಾತ್ರಕ್ಕೆ ಇಲ್ಲಿ ಬಿಡುಗಡೆಯಾಗುತ್ತದೆ ಎಂದೇನಿಲ್ಲ. ಬಿಡಿಭಾಗಗಳನ್ನು ಬಿಟ್ಟರೆ ಸಿದ್ಧ ಡ್ರೋನ್‌ಗಳ ಆಮದು 2022ರ ಫೆಬ್ರವರಿಯಿಂದ ನಿಷಿದ್ಧವಾಗಿದ್ದು, ಸಂಶೋಧನೆ, ರಕ್ಷಣೆಯಂಥ ಕೆಲವು ಉದ್ದೇಶಗಳಿಗೆ ಮಾತ್ರ ಅನುಮತಿಯ ಮೇಲೆ ಅವಕಾಶವಿದೆ. ಇ-ಸಿಗರೇಟನ್ನು 2019ರಲ್ಲಿ ಕಾನೂನಿನ ಮೂಲಕವೇ ನಿಷೇಧಿಸಲಾಗಿದೆ. ಬೀಜ, ಗೆಡ್ಡೆ, ಸಸಿಗಳಿಗೆ ಸಸ್ಯ ಸಂಪರ್ಕ ನಿಷೇಧ ನಿಯಮಗಳ ಪ್ರಕಾರ ಆಮದು ಪರವಾನಗಿಯೂ, ಕಳಿಸುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಅಪರೂಪದ ಆರ್ಕಿಡ್‌ನ ಆಸೆಗೆ ಲಕೋಟೆಯಲ್ಲಿ ತರಿಸುವ ಕೈತೋಟದ ಉತ್ಸಾಹಿಗಳು ಇದನ್ನು ಹಗುರವಾಗಿ ಕಾಣಬಾರದು. ವಾಕಿಟಾಕಿ, ಉಪಗ್ರಹ ಫೋನ್‌ಗಳಂಥ ನಿಸ್ತಂತು ಸಾಧನಗಳಿಗೆ ದೂರಸಂಪರ್ಕ ಇಲಾಖೆಯ ಅನುಮತಿ ಬೇಕಾಗುತ್ತದೆ. ಆಟಿಕೆಗಳಿಗೆ 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯವಾಗಿರುವುದರಿಂದ ಅವೂ ತಡೆಹಿಡಿಯಲ್ಪಡುವ ಸಾಧ್ಯತೆಯಿದೆ.

ಬಹಳ ಮಂದಿಗೆ ಗೊತ್ತಿಲ್ಲದ ಇನ್ನೊಂದು ತೊಡಕು ಸೆಕೆಂಡ್ ಹ್ಯಾಂಡ್ ವಸ್ತುಗಳದ್ದು. ಉತ್ಪಾದನೆಗೆ ಬಳಸುವ ಯಂತ್ರೋಪಕರಣಗಳ ವರ್ಗವನ್ನು ಬಿಟ್ಟರೆ ಬಳಸಿದ ಸರಕಿನ ಆಮದು ನಿರ್ಬಂಧಿತ ಪಟ್ಟಿಯಲ್ಲಿದ್ದು, ಅದಕ್ಕೆ ಪರವಾನಗಿ ಬೇಕು. ಹರಾಜಿನ ಜಾಲತಾಣದಲ್ಲಿ ಅಗ್ಗವಾಗಿ ಸಿಕ್ಕ ಹಳೆಯ ಕ್ಯಾಮೆರಾ ಲೆನ್ಸ್, ನೆಂಟರು ಕಳಿಸಿದ ಉಟ್ಟ ಬಟ್ಟೆಗಳು ಇದೇ ಕಾರಣಕ್ಕೆ ನಿಂತುಬಿಡಬಹುದು. ಲ್ಯಾಪ್‌ಟಾಪ್‌ನ ವಿಷಯದಲ್ಲಿ ಮಾತ್ರ ಸ್ವಲ್ಪ ನೆಮ್ಮದಿಯಿದೆ: 2023ರ ಆಗಸ್ಟ್‌ನಲ್ಲಿ ಅದರ ಆಮದಿಗೆ ನಿರ್ಬಂಧ ಹೇರಿದಾಗಲೂ, ಆನ್‌ಲೈನ್‌ನಲ್ಲಿ ಕೊಂಡು ಅಂಚೆ ಅಥವಾ ಕೊರಿಯರ್ ಮೂಲಕ ತರಿಸುವ ಒಂದು ಲ್ಯಾಪ್‌ಟಾಪ್ ಅಥವಾ ಟ್ಯಾಬ್ಲೆಟ್‌ಗೆ ಪರವಾನಗಿ ಬೇಡವೆಂದು, ಸುಂಕ ಕಟ್ಟಿದರೆ ಸಾಕೆಂದು ಸ್ಪಷ್ಟಪಡಿಸಲಾಯಿತು.

ಔಷಧಿ ತರಿಸುವವರಿಗೆ ಬೇರೆ ದಾರಿಯಿದೆ. ಇಲ್ಲಿ ಸಿಗದ ಔಷಧಿಯನ್ನು ಸ್ವಂತ ಬಳಕೆಗೆ ತರಿಸಲು ವೈದ್ಯರ ಚೀಟಿಯೊಂದಿಗೆ ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಗೆ ನಮೂನೆ 12ಎ ಅಡಿ ಅರ್ಜಿ ಸಲ್ಲಿಸಿ, ನಮೂನೆ 12ಬಿ ಎಂಬ ಪರವಾನಗಿ ಪಡೆಯಬೇಕು. ಈ ಕಾಗದ ಪಾರ್ಸೆಲ್ ಹೊರಡುವ ಮುಂಚೆಯೇ ಕೈಯಲ್ಲಿರಲಿ. ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿ, 2021ರ ಪಟ್ಟಿಯಲ್ಲಿರುವ ಕಾಯಿಲೆಗಳಿಗೆ ಸ್ವಂತ ಬಳಕೆಗಾಗಿ ತರಿಸುವ ಔಷಧಿ ಮತ್ತು ವಿಶೇಷ ವೈದ್ಯಕೀಯ ಆಹಾರಕ್ಕೆ 2023ರ ಏಪ್ರಿಲ್ 1ರಿಂದ ಮೂಲ ಕಸ್ಟಮ್ಸ್ ಸುಂಕ ಪೂರ್ತಿ ಮನ್ನಾ ಆಗಿದೆ; ಅದಕ್ಕೆ ಜಿಲ್ಲಾ ಆರೋಗ್ಯಾಧಿಕಾರಿ, ಜಿಲ್ಲಾ ಶಸ್ತ್ರಚಿಕಿತ್ಸಕರಂಥ ನಿಗದಿತ ಅಧಿಕಾರಿಯ ಪ್ರಮಾಣಪತ್ರ ಬೇಕು. ಒಂದು ಡೋಸ್‌ಗೆ ಲಕ್ಷಗಟ್ಟಲೆ ಬೆಲೆಯಿರುವ ಔಷಧಿ ತರಿಸುವ ಕುಟುಂಬಕ್ಕೆ ಈ ಒಂದು ಹಾಳೆಯ ಬೆಲೆ ಎಷ್ಟೆಂದು ಹೇಳಬೇಕಾಗಿಲ್ಲ. ಗೊತ್ತಿಲ್ಲದೆ ಸುಂಕ ಕಟ್ಟುವ ಕುಟುಂಬ ಒಂದೂ ಇರಬಾರದು.

ಹಂತ 2: ಸುಂಕವನ್ನು ನೀವೇ ಲೆಕ್ಕ ಹಾಕಿ

ಸ್ವಂತ ಬಳಕೆಗೆಂದು ಅಂಚೆ ಅಥವಾ ವಿಮಾನದ ಮೂಲಕ ತರಿಸುವ ವಸ್ತುಗಳಿಗಾಗಿ ಸುಂಕದ ಪಟ್ಟಿಯಲ್ಲಿ 9804 ಎಂಬ ಪ್ರತ್ಯೇಕ ಶೀರ್ಷಿಕೆಯಿದೆ. ಇದರ ಮೇಲಿನ ಹೊರೆ ಕೆಲವು ವರ್ಷಗಳ ಹಿಂದೆ ನಿಜಕ್ಕೂ ವಿಪರೀತವಾಗಿತ್ತು: ಮೂಲ ಸುಂಕ ಶೇ 35, ಅದರ ಮೇಲೆ ಶೇ 10ರಷ್ಟು ಸಮಾಜ ಕಲ್ಯಾಣ ಸರ್ಚಾರ್ಜ್, ವಸ್ತುವಿನ ಮೌಲ್ಯಕ್ಕೆ ಇವೆಲ್ಲ ಸೇರಿದ ಮೊತ್ತದ ಮೇಲೆ ಶೇ 28 ಐಜಿಎಸ್‌ಟಿ (ಆಮದಿಗೂ ಬೀಳುವ ಸಮಗ್ರ ಜಿಎಸ್‌ಟಿ), ಒಟ್ಟು ಶೇ 77.28. ಈಗಲೂ ಹಲವರ ಬಾಯಲ್ಲಿ ಓಡಾಡುವುದು ಇದೇ ಅಂಕಿ. ಆದರೆ 2025ರ ಬಜೆಟ್‌ನಲ್ಲಿ ಮೂಲ ಸುಂಕ ಶೇ 20ಕ್ಕೆ ಇಳಿಯಿತು. 2025ರ ಸೆಪ್ಟೆಂಬರ್ 22ರಿಂದ ಐಜಿಎಸ್‌ಟಿ ಶೇ 18ಕ್ಕೆ ಇಳಿಯಿತು. 2026ರ ಬಜೆಟ್‌ನಲ್ಲಿ ಮೂಲ ಸುಂಕವನ್ನು ಶೇ 10ಕ್ಕೆ ಇಳಿಸುವ ಪ್ರಸ್ತಾವ ಮಂಡನೆಯಾಯಿತು. ಅನ್ವಯಿಸುವುದು ನೀವು ಆರ್ಡರ್ ಮಾಡಿದ ದಿನದ ದರವಲ್ಲ, ಇಲ್ಲಿ ಸುಂಕಕ್ಕಾಗಿ ದಾಖಲೆ ಸಲ್ಲಿಕೆಯಾದಾಗ ಜಾರಿಯಲ್ಲಿರುವ ದರ. ಆದ್ದರಿಂದ ಕಸ್ಟಮ್ಸ್ ಇಲಾಖೆಯ ಐಸ್‌ಗೇಟ್ ಜಾಲತಾಣದಲ್ಲಿ ಆ ಹೊತ್ತಿನ ದರವನ್ನು ನೋಡಿಯೇ ಲೆಕ್ಕಕ್ಕೆ ಕೂರಬೇಕು.

ಲೆಕ್ಕದ ಕ್ರಮ ಹೀಗಿದೆ. ಮೊದಲು ವಸ್ತುವಿನ ಬೆಲೆಯನ್ನು ರೂಪಾಯಿಗೆ ಪರಿವರ್ತಿಸಬೇಕು. ಇದಕ್ಕೆ ನಿಮ್ಮ ಬ್ಯಾಂಕಿನ ದರ ನಡೆಯುವುದಿಲ್ಲ, ಕಸ್ಟಮ್ಸ್ ಇಲಾಖೆ ಪ್ರಕಟಿಸುವ ವಿನಿಮಯ ದರವೇ ಆಗಬೇಕು. ಆಮೇಲೆ ಸಾಗಣೆ ವೆಚ್ಚವನ್ನೂ ವಿಮೆಯನ್ನೂ ಕೂಡಿಸಬೇಕು. ಇಲ್ಲಿ ಗ್ರಾಹಕರ ಪರವಾದ ಒಂದು ನಿಯಮವಿದೆ: 2007ರ ಕಸ್ಟಮ್ಸ್ ಮೌಲ್ಯಮಾಪನ ನಿಯಮಗಳ 10ನೇ ನಿಯಮದ ಪ್ರಕಾರ, ವಿಮಾನದಲ್ಲಿ ಬರುವ ಸರಕಿಗೆ ಸಾಗಣೆ ವೆಚ್ಚವೆಂದು ಸೇರಿಸಬಹುದಾದದ್ದು ವಸ್ತುವಿನ ಬೆಲೆಯ ಶೇ 20ನ್ನು ಮೀರುವಂತಿಲ್ಲ. ಬೆಲೆಗಿಂತ ಸಾಗಣೆಯೇ ಹೆಚ್ಚಾಗುವ ಸಣ್ಣಪುಟ್ಟ ವಸ್ತುಗಳಿಗೆ ಇದರಿಂದ ದೊಡ್ಡ ಉಳಿತಾಯವಾಗುತ್ತದೆ. ವಿಮೆ ಎಷ್ಟೆಂದು ಗೊತ್ತಿಲ್ಲದಿದ್ದರೆ ಬೆಲೆಯ ಶೇ 1.125 ಎಂದು ಹಿಡಿಯಲಾಗುತ್ತದೆ.

ಒಂದು ಉದಾಹರಣೆಯನ್ನೇ ಬಿಡಿಸೋಣ. ಜಪಾನಿನಿಂದ ₹10,000 ಬೆಲೆಯ ಫೌಂಟನ್ ಪೆನ್ ತರಿಸಿದ್ದೀರಿ, ಸಾಗಣೆಗೆ ₹3,000 ಕೊಟ್ಟಿದ್ದೀರಿ. ಸಾಗಣೆಯಲ್ಲಿ ಲೆಕ್ಕಕ್ಕೆ ಬರುವುದು ₹2,000 ಮಾತ್ರ. ವಿಮೆ ₹112.50. ಸುಂಕಕ್ಕೆ ಒಳಪಡುವ ಮೌಲ್ಯ ₹12,112.50. ಮೂಲ ಸುಂಕ ಶೇ 10, ಸರ್ಚಾರ್ಜ್ ಆ ಸುಂಕದ ಶೇ 10, ಐಜಿಎಸ್‌ಟಿ ಶೇ 18 ಎಂದಿಟ್ಟುಕೊಂಡರೆ: ಮೂಲ ಸುಂಕ ಸುಮಾರು ₹1,211, ಸರ್ಚಾರ್ಜ್ ₹121, ಮೌಲ್ಯಕ್ಕೆ ಇವೆರಡನ್ನೂ ಕೂಡಿಸಿದ ₹13,445ರ ಮೇಲೆ ಐಜಿಎಸ್‌ಟಿ ₹2,420, ಒಟ್ಟು ಸುಮಾರು ₹3,752. ಮೂಲ ಸುಂಕ ಶೇ 20 ಆಗಿದ್ದರೆ ಇದೇ ಲೆಕ್ಕ ₹5,325 ಆಗುತ್ತದೆ. ಹಳೆಯ ಶೇ 77.28ರ ಕಾಲದಲ್ಲಿ ಇದೇ ಪೆನ್ನಿಗೆ ₹9,361 ತೆರಬೇಕಾಗಿತ್ತು. ಯಾವ ದರ, ಯಾವ ಶೀರ್ಷಿಕೆ ಎಂಬುದನ್ನು ಕಣ್ಣಾರೆ ನೋಡದೆ ಹಣ ಕೊಡಬಾರದು ಎನ್ನುವುದು ಈ ಅಂತರದ ಕಾರಣಕ್ಕೇ.

ಕೊರಿಯರ್ ಕಂಪನಿಗಳು ಎಲ್ಲವನ್ನೂ 9804ರ ಅಡಿಯಲ್ಲೇ ಸೇರಿಸುವುದಿಲ್ಲ. ಪೆನ್ನನ್ನು ಪೆನ್ನಿನ ಶೀರ್ಷಿಕೆಯಲ್ಲಿ, ಪುಸ್ತಕವನ್ನು ಪುಸ್ತಕದ ಶೀರ್ಷಿಕೆಯಲ್ಲಿ ತೋರಿಸುವುದೂ ಉಂಟು. ಮುದ್ರಿತ ಪುಸ್ತಕಗಳಿಗೆ ಜಿಎಸ್‌ಟಿ ಇಲ್ಲ, 2019ರಿಂದ ಮೂಲ ಸುಂಕ ಶೇ 5. ಹೀಗಿರುವಾಗ ಶೀರ್ಷಿಕೆಯ ಆಯ್ಕೆಯೇ ನಿಮ್ಮ ಜೇಬಿನ ಭಾರವನ್ನು ನಿರ್ಧರಿಸುತ್ತದೆ.

ಹಂತ 3: ಅಂಚೆಯೋ, ಕೊರಿಯರೋ?

ಆಯ್ಕೆ ನಿಮ್ಮ ಕೈಯಲ್ಲಿದ್ದು ಅವಸರವಿಲ್ಲದಿದ್ದರೆ, ಸಣ್ಣ ಬೆಲೆಯ ವಸ್ತುಗಳಿಗೆ ನನ್ನ ಒಲವು ಅಂಚೆಯ ಕಡೆಗೆ. ಕೊರಿಯರ್ ಕಂಪನಿ ನಿಮ್ಮ ಪರವಾಗಿ ಸುಂಕವನ್ನು ಮೊದಲೇ ಕಟ್ಟಿ, ಅದಕ್ಕೆಂದು ಶುಲ್ಕ ವಿಧಿಸಿ, ಆ ಶುಲ್ಕದ ಮೇಲೆ ಜಿಎಸ್‌ಟಿಯನ್ನೂ ಹಾಕುತ್ತದೆ. ₹300 ಸುಂಕದ ಪಾರ್ಸೆಲ್‌ಗೆ ಶುಲ್ಕವೇ ಸುಂಕವನ್ನು ಮೀರಿಸುವುದು ಅಪರೂಪವಲ್ಲ. ಅಂಚೆಯಲ್ಲಾದರೆ ವಿದೇಶಿ ಅಂಚೆ ಕಚೇರಿಯಲ್ಲಿ ಕುಳಿತ ಕಸ್ಟಮ್ಸ್ ಅಧಿಕಾರಿ ಸುಂಕ ನಿಗದಿ ಮಾಡುತ್ತಾರೆ, ಪೋಸ್ಟ್‌ಮ್ಯಾನ್ ಅದನ್ನು ಒಂದು ಸಣ್ಣ ನಿರ್ವಹಣಾ ಶುಲ್ಕದೊಂದಿಗೆ ಮನೆ ಬಾಗಿಲಲ್ಲಿ ಪಡೆಯುತ್ತಾರೆ. ತೊಂದರೆಯೆಂದರೆ ಅಂಚೆಯಲ್ಲಿ ಪಾರ್ಸೆಲ್ ನಿಂತರೆ ವಿಚಾರಿಸುವುದು ಕಷ್ಟ, ದಿನಗಳೂ ಹೆಚ್ಚು. ಬೆಲೆಬಾಳುವ ವಸ್ತು, ಔಷಧಿ, ದಾಖಲೆ ಕೇಳುವ ಸಾಧ್ಯತೆಯಿರುವ ಸರಕು ಇವಕ್ಕೆ ಕೊರಿಯರ್‌ನಲ್ಲಿ ಫೋನ್ ಎತ್ತುವವರು ಒಬ್ಬರಾದರೂ ಇರುತ್ತಾರೆ.

ಕೆಲವು ಮಾರಾಟಗಾರರು ಸುಂಕವನ್ನು ಆರ್ಡರ್ ಮಾಡುವಾಗಲೇ ಸೇರಿಸಿಕೊಳ್ಳುತ್ತಾರೆ. ಬಾಗಿಲಲ್ಲಿ ಯಾವ ಲೆಕ್ಕವೂ ಉಳಿಯದ ಈ ವ್ಯವಸ್ಥೆ ಮೊದಲ ಸಲ ತರಿಸುವವರಿಗೆ ಒಳ್ಳೆಯದು. ಆದರೆ ಅದು ಅಂತಿಮ ಮೊತ್ತವೋ, ಅಂದಾಜು ಠೇವಣಿಯೋ ಎಂಬುದನ್ನು ಓದಿ ತಿಳಿಯಿರಿ. ಠೇವಣಿಯಾಗಿದ್ದು ನಿಜವಾದ ಸುಂಕ ಕಡಿಮೆಯಾದರೆ ಉಳಿಕೆ ಹಣ ವಾಪಸಾಗುವುದೇ, ಯಾವಾಗ ಎಂಬುದನ್ನೂ ಆರ್ಡರ್ ಮಾಡುವಾಗಲೇ ನೋಡಿಕೊಳ್ಳಿ.

ಹಂತ 4: ಪಾರ್ಸೆಲ್ ಹೊರಟ ಕೂಡಲೇ ಕಾಗದಗಳನ್ನು ಜೋಡಿಸಿಡಿ

ಪಾರ್ಸೆಲ್ ವಿಮಾನ ಇಳಿದ ಮೇಲೆ ಕೊರಿಯರ್‌ನವರು ಕೆವೈಸಿ ಕೇಳುತ್ತಾರೆ; ಆಧಾರ್, ಪ್ಯಾನ್, ಪಾಸ್‌ಪೋರ್ಟ್, ಮತದಾರರ ಚೀಟಿಗಳಲ್ಲಿ ಒಂದನ್ನು ಕೊಡಬೇಕಾಗುತ್ತದೆ. ದಾಖಲೆಯಲ್ಲಿರುವ ಹೆಸರೂ ಪಾರ್ಸೆಲ್ ಮೇಲಿನ ಹೆಸರೂ ಒಂದೇ ಆಗಿರಲಿ. ಆರ್ಡರ್‌ನಲ್ಲಿ ಮನೆಯ ಕರೆಯುವ ಹೆಸರು ಹಾಕಿದ್ದು, ಆಧಾರ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದ ಉದ್ದನೆಯ ಹೆಸರಿದ್ದರೆ ಅಲ್ಲಿಗೇ ಎರಡು ದಿನ ಹೋಗುತ್ತದೆ. ತಡವಾದಷ್ಟೂ ಗೋದಾಮಿನ ಡೆಮರೇಜ್, ಅಂದರೆ ಸರಕು ಅಲ್ಲಿ ಉಳಿದುದಕ್ಕೆ ತೆರಬೇಕಾದ ಶುಲ್ಕ, ಏರುತ್ತದೆ ಎಂಬುದನ್ನು ಮರೆಯಬಾರದು.

ಮೂರು ಕಾಗದಗಳನ್ನು ಒಂದೇ ಪಿಡಿಎಫ್ ಮಾಡಿಟ್ಟುಕೊಳ್ಳಿ: ಮಾರಾಟಗಾರರ ಇನ್‌ವಾಯ್ಸ್, ಹಣ ಪಾವತಿಯಾದದ್ದನ್ನು ತೋರಿಸುವ ಕಾರ್ಡ್ ಅಥವಾ ಬ್ಯಾಂಕ್ ಸ್ಟೇಟ್‌ಮೆಂಟ್‌ನ ಆ ಸಾಲು, ಮತ್ತು ವಸ್ತುವಿನ ವಿವರವಿರುವ ಪುಟದ ಸ್ಕ್ರೀನ್‌ಶಾಟ್. ರಿಯಾಯಿತಿಯಲ್ಲಿ ಕೊಂಡಾಗ ಈ ಎರಡನೆಯ ಕಾಗದವೇ ಕೈಹಿಡಿಯುವುದು. ಅಧಿಕಾರಿ ಜಾಲತಾಣದಲ್ಲಿ ನೋಡಿದಾಗ ವಸ್ತುವಿನ ಪೂರ್ಣ ಬೆಲೆ ಕಾಣಬಹುದು, ನೀವು ಕೊಟ್ಟಿದ್ದು ಅದರ ಅರ್ಧವಿರಬಹುದು. ಸುಂಕದ ಆಧಾರ ನೀವು ನಿಜವಾಗಿ ಕೊಟ್ಟ ಬೆಲೆಯೇ ಆದರೂ, ನಮೂದಿಸಿದ ಬೆಲೆಯ ಬಗ್ಗೆ ಸಂಶಯ ಬಂದರೆ ಪುರಾವೆ ಕೇಳುವ ಅಧಿಕಾರ ಅವರಿಗಿದೆ.

ಇದೇ ಹಂತದಲ್ಲಿ ವಂಚಕರೂ ನುಸುಳುತ್ತಾರೆ. ನಿಮ್ಮ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದಿದೆ, ಈ ಯುಪಿಐಗೆ ಹಣ ಹಾಕಿ ಎಂಬ ಸಂದೇಶ, ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ ಎಂದು ವಿಡಿಯೊ ಕರೆಯಲ್ಲಿ ಹೆದರಿಸುವ ಸಮವಸ್ತ್ರಧಾರಿ, ಇವರ್ಯಾರೂ ಇಲಾಖೆಯವರಲ್ಲ. ಕಸ್ಟಮ್ಸ್ ಇಲಾಖೆ ಖಾಸಗಿ ಖಾತೆಗೆ ಹಣ ಹಾಕಿಸಿಕೊಳ್ಳುವುದಿಲ್ಲ, ಮತ್ತು ಅದರ ಅಧಿಕೃತ ಪತ್ರಗಳಲ್ಲಿ ಇರುವ ಡಿಐಎನ್ ಎಂಬ ಗುರುತಿನ ಸಂಖ್ಯೆಯನ್ನು ಇಲಾಖೆಯ ಜಾಲತಾಣದಲ್ಲಿ ಪರೀಕ್ಷಿಸಬಹುದು. ಸಂದೇಶದಲ್ಲಿ ಬಂದ ಕೊಂಡಿಯನ್ನು ಒತ್ತಬೇಡಿ. ಟ್ರ್ಯಾಕಿಂಗ್ ಸಂಖ್ಯೆಯನ್ನು ಕೊರಿಯರ್‌ನ ಜಾಲತಾಣದಲ್ಲಿ ನೀವೇ ನಮೂದಿಸಿ ನೋಡಿ. ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹಂತ 5: ಬಿಲ್ ಆಫ್ ಎಂಟ್ರಿ ಕೇಳಿ, ಸಾಲುಸಾಲಾಗಿ ಓದಿ

ಕೊರಿಯರ್‌ನವರು ಸುಂಕದ ಮೊತ್ತ ತಿಳಿಸಿದ ಕೂಡಲೇ ಬಿಲ್ ಆಫ್ ಎಂಟ್ರಿಯ ಪ್ರತಿ ಕಳಿಸಿ ಎಂದು ಇಮೇಲ್ ಮಾಡಿ. ಅವರು ಕಸ್ಟಮ್ಸ್‌ಗೆ ನಿಮ್ಮ ಹೆಸರಿನಲ್ಲಿ ಸಲ್ಲಿಸಿದ ದಾಖಲೆ ಅದು. ಕೇಳುವುದಕ್ಕೆ ಸಂಕೋಚ ಬೇಡ. ಅದರಲ್ಲಿ ಮೊದಲು ಎಂಟಂಕಿಯ ಸುಂಕ ಸಂಖ್ಯೆಯನ್ನು ನೋಡಿ, ಅದು ನಿಮ್ಮ ವಸ್ತುವಿನದ್ದೇ ಎಂದು ಖಚಿತಪಡಿಸಿಕೊಳ್ಳಿ. ಆಮೇಲೆ ಬೆಲೆ ಯಾವ ಕರೆನ್ಸಿಯಲ್ಲಿದೆ ಎಂದು ನೋಡಿ. ಸಿಂಗಪುರ ಡಾಲರ್‌ನ ಇನ್‌ವಾಯ್ಸನ್ನು ಅಮೆರಿಕನ್ ಡಾಲರ್ ಎಂದು ನಮೂದಿಸಿದರೆ ಸುಂಕ ಸುಮ್ಮನೆ ಏರಿಬಿಡುತ್ತದೆ. ಸಾಗಣೆ ವೆಚ್ಚ ಶೇ 20ರ ಮಿತಿಯೊಳಗಿದೆಯೇ, ವಸ್ತುಗಳ ಸಂಖ್ಯೆ ಸರಿಯಿದೆಯೇ ಎಂದು ನೋಡಿ. ಕೊನೆಗೆ, ಕೊರಿಯರ್‌ನ ಬಿಲ್‌ನಲ್ಲಿ ಸುಂಕವೆಂದು ತೋರಿಸಿದ ಮೊತ್ತವೂ ಬಿಲ್ ಆಫ್ ಎಂಟ್ರಿಯಲ್ಲಿರುವ ಸುಂಕವೂ ಒಂದೇ ಆಗಿರಬೇಕು. ಮಿಕ್ಕದ್ದು ಕೊರಿಯರ್‌ನ ಸ್ವಂತ ಶುಲ್ಕ. ಅದರ ಬಗ್ಗೆ ತಕರಾರಿದ್ದರೆ ಕಸ್ಟಮ್ಸ್‌ಗೆ ಬರೆದು ಪ್ರಯೋಜನವಿಲ್ಲ. ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಬರೆಯಬೇಕು, ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಹೋಗಬೇಕು.

ತಪ್ಪು ಕಂಡರೆ ಹಣ ಕಟ್ಟುವ ಮುಂಚೆಯೇ, ಯಾವ ಸಾಲು ತಪ್ಪು, ಏನಾಗಬೇಕು, ಅದಕ್ಕೆ ಆಧಾರವೇನು ಎಂಬ ಮೂರನ್ನಷ್ಟೇ ಬರೆದು, ಇನ್‌ವಾಯ್ಸ್ ಲಗತ್ತಿಸಿ ಕೊರಿಯರ್‌ನ ಕ್ಲಿಯರೆನ್ಸ್ ವಿಭಾಗಕ್ಕೆ ಕಳಿಸಿ. ಅನ್ಯಾಯದ ದೀರ್ಘ ವರ್ಣನೆಗಿಂತ, ಶೀರ್ಷಿಕೆಯ ಸಂಖ್ಯೆ ಹಾಕಿದ ಎರಡು ಸಾಲಿನ ಪತ್ರಕ್ಕೆ ಬೇಗ ಉತ್ತರ ಬರುತ್ತದೆ.

ಹಂತ 6: ಸುಂಕ ಒಪ್ಪಿಗೆಯಾಗದಿದ್ದರೆ

ಸುಂಕ ವಸ್ತುವಿನ ಬೆಲೆಗೇ ಹೊರೆಯೆನಿಸಿದರೆ ಅದನ್ನು ಬಿಟ್ಟುಕೊಡುವ ಹಕ್ಕು ನಿಮಗಿದೆ. ಬಿಡುಗಡೆಯ ಆದೇಶವಾಗುವ ಮುನ್ನ ಸರಕಿನ ಮೇಲಿನ ಹಕ್ಕನ್ನು ಬರಹದಲ್ಲಿ ತ್ಯಜಿಸಿದರೆ, ಕಾಯ್ದೆಯ 23ನೇ ಕಲಮಿನ ಪ್ರಕಾರ ಸುಂಕ ಕಟ್ಟಬೇಕಿಲ್ಲ. ಅಪರಾಧದ ಆರೋಪವಿರುವ ಸರಕಿಗೆ ಇದು ಅನ್ವಯಿಸುವುದಿಲ್ಲ. ಮಾರಾಟಗಾರರು ಹಣ ಹಿಂದಿರುಗಿಸುತ್ತಾರೆಯೇ ಎಂಬುದನ್ನು ಅದಕ್ಕೆ ಮೊದಲೇ ಕೇಳಿಕೊಳ್ಳಿ. ಏನೂ ಉತ್ತರಿಸದೆ ಸುಮ್ಮನಿರುವುದು ಮಾತ್ರ ಸರಿಯಲ್ಲ. ಮೂವತ್ತು ದಿನ ಕಳೆದರೆ ಸರಕನ್ನು ಮಾರಿಬಿಡುವ ಅವಕಾಶ ಕಾಯ್ದೆಯಲ್ಲಿದೆ.

ಅಧಿಕಾರಿಯೇ ಶೀರ್ಷಿಕೆ ಅಥವಾ ಮೌಲ್ಯವನ್ನು ಬದಲಿಸಿ ಸುಂಕ ಏರಿಸಿದ್ದು, ನೀವು ಅದನ್ನು ಬರಹದಲ್ಲಿ ಒಪ್ಪಿಲ್ಲದಿದ್ದರೆ, ಕಾರಣಗಳನ್ನು ವಿವರಿಸಿದ ಆದೇಶ ಕೊಡಿ ಎಂದು ಕೇಳಬಹುದು. ಆ ಆದೇಶ ಕೈಸೇರಿದ 60 ದಿನಗಳೊಳಗೆ ಕಮಿಷನರ್ (ಮೇಲ್ಮನವಿ) ಅವರಿಗೆ ಮೇಲ್ಮನವಿ ಸಲ್ಲಿಸಬಹುದು. ವಿವಾದದಲ್ಲಿರುವ ಸುಂಕದ ಶೇ 7.5 ಮುಂಗಡ ಠೇವಣಿ ಇಡಬೇಕು. ಎರಡು ಸಾವಿರ ರೂಪಾಯಿಯ ವ್ಯತ್ಯಾಸಕ್ಕೆ ಇಷ್ಟು ದೂರ ಹೋಗುವುದು ನನ್ನ ದೃಷ್ಟಿಯಲ್ಲಿ ಶ್ರಮಕ್ಕೆ ತಕ್ಕದ್ದಲ್ಲ. ಐವತ್ತು ಸಾವಿರದ ವ್ಯತ್ಯಾಸಕ್ಕೆ ಖಂಡಿತ ಹೋಗಬೇಕು. ಹೆಚ್ಚು ಕಟ್ಟಿದ ಸುಂಕದ ಮರುಪಾವತಿಗೆ ಕಟ್ಟಿದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬಹುದಾದರೂ, ಮೌಲ್ಯಮಾಪನದ ಆದೇಶವನ್ನು ಮೊದಲು ಬದಲಿಸಿಕೊಳ್ಳದೆ ಮರುಪಾವತಿ ಸಿಗುವುದಿಲ್ಲ. ಬೆಂಗಳೂರಿನವರು ಗಮನಿಸಬೇಕಾದ ಸಂಗತಿಯೊಂದಿದೆ: ಪಾರ್ಸೆಲ್ ದೆಹಲಿ ಅಥವಾ ಮುಂಬೈಯಲ್ಲಿ ಇಳಿದು ಅಲ್ಲೇ ಸುಂಕ ನಿಗದಿಯಾಗಿದ್ದರೆ ನಿಮ್ಮ ಅಹವಾಲು ಹೋಗಬೇಕಾದದ್ದು ಅಲ್ಲಿನ ಕಮಿಷನರೇಟಿಗೆ, ದೇವನಹಳ್ಳಿಯ ಏರ್ ಕಾರ್ಗೊ ಕಚೇರಿಗಲ್ಲ. ಪತ್ರಗಳಿಗೆ ಉತ್ತರವೇ ಬಾರದಿದ್ದರೆ ಕೇಂದ್ರ ಸರ್ಕಾರದ ಸಿಪಿಗ್ರಾಮ್ಸ್ ಜಾಲತಾಣದಲ್ಲಿ ದೂರು ದಾಖಲಿಸಿ. ಅಂಚೆಯ ಪಾರ್ಸೆಲ್‌ಗೂ ಇದೇ ದಾರಿ.

ಬಂದ ವಸ್ತು ಕೆಟ್ಟಿದ್ದರೆ ಅಥವಾ ನೀವು ಕೇಳಿದ್ದಕ್ಕಿಂತ ಬೇರೆಯದಾಗಿದ್ದರೆ, ಬಳಸದೆ ಹಾಗೆಯೇ ಇಡಿ. ಬಿಡುಗಡೆಯಾದ 30 ದಿನಗಳೊಳಗೆ ಅದನ್ನು ವಾಪಸು ಕಳಿಸಿದರೆ ಕಟ್ಟಿದ ಸುಂಕವನ್ನು ಮರಳಿ ಪಡೆಯಲು 26ಎ ಕಲಮು ಅವಕಾಶ ಕೊಡುತ್ತದೆ. ಆದರೆ ವಾಪಸು ಹೋಗುತ್ತಿರುವುದು ಅದೇ ವಸ್ತು ಎಂದು ಸಾಬೀತಾಗಬೇಕು. ಆದ್ದರಿಂದ ಡಬ್ಬಿ ತೆರೆಯುವಾಗಲೇ ಸೀರಿಯಲ್ ಸಂಖ್ಯೆಯ ಫೋಟೊ ತೆಗೆದಿಡಿ, ಮತ್ತು ವಾಪಸು ಕಳಿಸುವ ಕೊರಿಯರ್‌ಗೆ ಇದು ಆಮದಾದ ಸರಕಿನ ಮರುರಫ್ತು ಎಂದು ಸ್ಪಷ್ಟವಾಗಿ ಹೇಳಿ, ಮೂಲ ಬಿಲ್ ಆಫ್ ಎಂಟ್ರಿಯ ಸಂಖ್ಯೆಯನ್ನು ರಫ್ತು ದಾಖಲೆಯಲ್ಲಿ ಬರೆಯಿಸಿ. ಬದಲಿಗೆ ಬರುವ ಹೊಸ ವಸ್ತುವಿಗೆ, ವಾರಂಟಿಯಲ್ಲಿ ಉಚಿತವಾಗಿ ಬಂದರೂ, ಮತ್ತೆ ಸುಂಕ ಬೀಳುತ್ತದೆ. ರಿಪೇರಿಗೆಂದು ಕಳಿಸಿ ಅದೇ ವಸ್ತುವನ್ನು ತರಿಸಿಕೊಂಡರೆ ರಿಪೇರಿಯ ವೆಚ್ಚ, ಎರಡೂ ಕಡೆಯ ಸಾಗಣೆ ಮತ್ತು ವಿಮೆಯ ಮೇಲೆ ಮಾತ್ರ ಸುಂಕ ಕಟ್ಟುವ ಸೌಲಭ್ಯವಿದೆ. ಅದಕ್ಕೂ ಕಳಿಸುವಾಗಿನ ರಫ್ತು ದಾಖಲೆಯೇ ಆಧಾರ, ಆದ್ದರಿಂದ ಅದನ್ನು ಸಾಮಾನ್ಯ ಪಾರ್ಸೆಲ್‌ನಂತೆ ಬುಕ್ ಮಾಡಬೇಡಿ.